ಯಂತ್ರಗಳ ಮಾತು ಯಾವ ಭಾಷೆಯಲ್ಲಿ?

ಕಲಾ ಕಾಲೇಜಿನ ಪತ್ರಿಕೆಯಲ್ಲಿ ಕಂಪ್ಯೂಟರಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಾನು ಹೇಳಹೊರಟಿರುವುದು ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ಭಾಷೆಯ ವಿಷಯ. ದೊಡ್ಡ ಬ್ಯಾಂಕು, ವಿಮಾ ಕಂಪನಿ ಮುಂತಾದುವುಗಳಲ್ಲಿ ಎಷ್ಟೋ ಕಡೆ ಲೆಕ್ಕಪತ್ರವೆಲ್ಲ ಇಂದಿಗೂ ಮೇನ್‌ಫ್ರೇಮ್ ಎಂಬ ಹಿರಿಯ ಯಂತ್ರದಲ್ಲಿರುತ್ತದೆ. ಗುಮಾಸ್ತರ ಮೇಜಿನ ಮೇಲೆ ವರ್ಕ್‌ಸ್ಟೇಷನ್ನುಗಳಿರುತ್ತವೆ. ಇವು ಪರಸ್ಪರ ಮಾತನಾಡಲು ಒಪ್ಪಿಕೊಂಡ ಕಟ್ಟಳೆಗೆ ಪ್ರೋಟೋಕಾಲ್ ಎಂದು ಹೆಸರು. ಯಾವ ಪ್ರೋಟೋಕಾಲನ್ನು ಆರಿಸಬೇಕೆಂಬುದನ್ನು ಕೇವಲ ವೇಗದ ಮತ್ತು ಬೆಲೆಯ ಪ್ರಶ್ನೆಯೆಂದು ಎಣಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಮೊದಲು ಸ್ವಾತಂತ್ರ್ಯದ ಪ್ರಶ್ನೆ.

ಐ.ಬಿ.ಎಂ. ಕಂಪನಿಯು 1974ರಲ್ಲಿ ಎಸ್.ಎನ್.ಎ. ಎಂಬ ಏರ್ಪಾಡನ್ನು ಪ್ರಕಟಿಸಿತು. ಅದರಲ್ಲಿ ಮೇನ್‌ಫ್ರೇಮೇ ಯಜಮಾನ. 3270 ಎಂಬ ಟರ್ಮಿನಲ್ ಅದರ ಆಜ್ಞಾಧಾರಕ. ಆ ಟರ್ಮಿನಲ್ಲಿನ ಸಾಮಾನ್ಯ ತೆರೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920. ಗುಮಾಸ್ತನು ಒತ್ತಿದ ಒಂದೊಂದು ಅಕ್ಷರವೂ ಯಜಮಾನನ ಬಳಿಗೆ ಓಡುತ್ತಿರಲಿಲ್ಲ. ನಮೂನೆಯನ್ನು ತುಂಬಿ ‘ಎಂಟರ್’ ಗುಂಡಿ ಒತ್ತಿದಾಗ ತುಂಬಿದ್ದೆಲ್ಲ ಒಟ್ಟಿಗೆ ಹೋಗುತ್ತಿತ್ತು. ಆದುದರಿಂದಲೇ ನಿಧಾನವಾದ ತಂತಿಯ ಮೇಲೂ ಒಂದೇ ಯಂತ್ರವು ಸಾವಿರಾರು ಜನರ ಸೇವೆ ಮಾಡಿತು. ಆ ಜಾಣ್ಮೆಯನ್ನು ಹೊಗಳದಿರುವುದು ಕೃತಘ್ನತೆ. ಆದರೆ ಕಟ್ಟಳೆ ಬರೆಯುವ ಕೈ ಒಂದೇ ಕಂಪನಿಯದು. ಹೊಸ ಯಂತ್ರ ಕೊಳ್ಳುವಾಗ ಚೌಕಾಸಿ ಮಾಡುವ ಬಲ ಕೊಳ್ಳುವವನಲ್ಲಿ ಎಷ್ಟು ಉಳಿದೀತು?

ಅದೇ 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬಿಬ್ಬರು ಬರೆದ ಲೇಖನದಿಂದ ಟಿ.ಸಿ.ಪಿ./ಐ.ಪಿ. ಬೆಳೆದುಬಂದಿತು. ಅಮೆರಿಕದ ಆರ್ಪಾನೆಟ್ ಜಾಲವು 1983ರ ಜನವರಿ 1ರಂದು ಅದಕ್ಕೆ ಬದಲಾಯಿತು. ಇಲ್ಲಿ ಯಜಮಾನನಿಲ್ಲ, ಯಾರು ಮಾಡಿದ ಯಂತ್ರವಾದರೂ ಯಾವುದರೊಡನೆ ಬೇಕಾದರೂ ಮಾತನಾಡಬಹುದು. ಮೂರನೆಯದಾಗಿ, ಏಳು ಪದರಗಳ ಓ.ಎಸ್.ಐ. ಮಾದರಿಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಹೊರತಂದಿತು. ಅದರ ಪ್ರೋಟೋಕಾಲುಗಳನ್ನು ಅಮೆರಿಕದ ಸರ್ಕಾರವು ತನ್ನ ಖರೀದಿಗೆ 1990ರಲ್ಲಿ ಕಡ್ಡಾಯ ಮಾಡಿ, 1995ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ಭಾಷೆಯನ್ನು ಬೆಳೆಸುವುದು ಬಳಕೆಯೇ ಹೊರತು ಆಜ್ಞೆಯಲ್ಲ ಎಂಬ ಮಾತು ಯಂತ್ರಗಳ ಲೋಕದಲ್ಲಿಯೂ ನಿಜವಾಯಿತು.

ಹಾಗಾದರೆ ಹಳೆಯದನ್ನೆಲ್ಲ ಕಿತ್ತೆಸೆಯಬೇಕೆ? ಸಲ್ಲದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವರು. ಆದರೆ ಇಬ್ಬರೂ ಒಂದೇ ಮನೆಯಲ್ಲಿರುವ ಕಾಲವೂ ಉಂಟಷ್ಟೆ. ಟಿ.ಎನ್.3270 ಎಂಬ ಕಟ್ಟಳೆ ಮಾಡುವುದು ಇದನ್ನೇ. ಹಳೆಯ ಟರ್ಮಿನಲ್ಲಿನ ಮಾತನ್ನು ಅದು ಟಿ.ಸಿ.ಪಿ./ಐ.ಪಿ. ಲಕೋಟೆಯೊಳಗಿಟ್ಟು ಕಳುಹಿಸುತ್ತದೆ. ಮೇಜಿನ ಮೇಲಿನ ವರ್ಕ್‌ಸ್ಟೇಷನ್ ಟರ್ಮಿನಲ್ಲಿನ ವೇಷ ಹಾಕುತ್ತದೆ. ರೋಮನ್ ಲಿಪಿಯ ‘ಎ’ ಅಕ್ಷರಕ್ಕೆ ಮೇನ್‌ಫ್ರೇಮ್ ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ 193, ನಮ್ಮ ಸಣ್ಣ ಯಂತ್ರಗಳ ಆಸ್ಕಿ ಸಂಕೇತದಲ್ಲಿ 65. ಈ ವ್ಯತ್ಯಾಸವನ್ನು ವೇಷಧಾರಿಯೇ ದುಭಾಷಿಯಾಗಿ ಸರಿದೂಗಿಸುತ್ತದೆ. ದಶಕಗಳಿಂದ ನಂಬಿ ನಡೆಸಿದ ಲೆಕ್ಕದ ಪ್ರೋಗ್ರಾಮಿಗೆ ಕೈ ಹಚ್ಚಬೇಕಾಗಿಲ್ಲ.

ಮುಕ್ತ ಭಾಷೆಯಿಂದ ಅಪಾಯವಿಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪ ನ್ಯಾಯವಾದುದೇ. ಬರಿಯ ಟಿ.ಎನ್.3270ರಲ್ಲಿ ಗುಪ್ತಪದವೂ ತೆರೆದ ಅಂಚೆ ಕಾರ್ಡಿನಂತೆ ಸಾಗುವುದು, ಆದುದರಿಂದ ಟಿ.ಎಲ್.ಎಸ್. ಎಂಬ ಗೂಢಲಿಪಿಯ ಮುದ್ರೆ ಇಲ್ಲದೆ ಅದನ್ನು ಬಳಸಕೂಡದು. ಎಸ್.ಎನ್.ಎ.ಯಲ್ಲಿ ಅವಸರದ ಸಂದೇಶಕ್ಕೆ ಮುಂದಿನ ಸಾಲು ಕೊಡುವ ವ್ಯವಸ್ಥೆಯಿತ್ತು. ಐ.ಪಿ. ಜಾಲದಲ್ಲಿ ಅದನ್ನು ನಾವೇ ಏರ್ಪಡಿಸದಿದ್ದರೆ, ಯಾರೋ ಕಳುಹಿಸಿದ ಭಾರಿ ಕಡತದ ಹಿಂದೆ ಗುಮಾಸ್ತನ ಸಣ್ಣ ಪ್ರಶ್ನೆ ಸಿಕ್ಕಿಕೊಳ್ಳುತ್ತದೆ. ಕಿಟಕಿಯ ಮುಂದೆ ನಿಂತ ಬಡವ ಕಾಯುತ್ತಾನೆ. ಸ್ವಾತಂತ್ರ್ಯವೆಂದರೆ ಬಾಗಿಲಿಗೆ ಅಗುಳಿ ಇಲ್ಲದಿರುವುದಲ್ಲ, ಅಗುಳಿ ನಮ್ಮ ಕೈಯಲ್ಲಿರುವುದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ: ಓಣಿಯಲ್ಲೆಲ್ಲ ಮುಕ್ತ ಭಾಷೆ, ಹಿರಿಯನ ಹೊಸ್ತಿಲಲ್ಲಿ ಒಬ್ಬ ದುಭಾಷಿ, ಬಾಗಿಲಿಗೆ ಭದ್ರವಾದ ಬೀಗ. ಎರಡು ಭಾಷೆ ಬಲ್ಲವರಿಗೆ ಎಲ್ಲಿಯೂ ಕೆಲಸವುಂಟು. ಭಾಷೆಯನ್ನೇ ವ್ಯಾಸಂಗ ಮಾಡುವ ನಮ್ಮ ಗೆಳೆಯರು ಈ ಯಂತ್ರಲೋಕವನ್ನು ಪರರ ಮನೆಯೆಂದು ದೂರ ನಿಂತು ನೋಡಬೇಕಾಗಿಲ್ಲ.