ಸನ್ನದು ಕಳೆದುಕೊಂಡವರ ನಾಡಿನಲ್ಲಿ ಜಿಪಿ ಹುದ್ದೆ

ಸರ್ಕಾರ ಬದಲಾದರೆ ಸಾಕು, ಕೋರ್ಟಿನ ಬಾರ್ ರೂಮಿನಲ್ಲಿ ಒಂದೇ ಮಾತು: ಈ ಸಲ ಜಿಪಿ, ಅಂದರೆ ಸರ್ಕಾರದ ಪರ ವಾದಿಸುವ ವಕೀಲ, ಯಾರು? ಚಿಂತಾಮಣಿಯವರೋ, ಶಿಡ್ಲಘಟ್ಟದವರೋ? ಯಾವ ಶಾಸಕರ ಕಡೆಯವರು? ಕೇಸು ನಡೆಸಲು ಬರುತ್ತದೋ ಇಲ್ಲವೋ ಎಂದು ಕೇಳುವವರು ಕಡಿಮೆ. ಚುನಾವಣೆಯಲ್ಲಿ ಏಜೆಂಟರಾಗಿ ಕೂತವರು ಶಿಫಾರಸು ಪತ್ರ ಹಿಡಿದು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಗೌರಿಬಿದನೂರಿನ ವಕೀಲನಾದ ನನಗೆ ಇದು ಸ್ವಲ್ಪ ಹೆಚ್ಚೇ ಚುಚ್ಚುತ್ತದೆ. ವಿದುರಾಶ್ವತ್ಥ ನಮ್ಮ ತಾಲ್ಲೂಕಿನದು. 1938ರ ಏಪ್ರಿಲ್ 25ರಂದು ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇವತ್ತಿಗೂ ತಾಳೆಯಿಲ್ಲ. ಸ್ಮಾರಕ ನೋಡಿ ಹೋಗುವವರಿಗೆ ಗುಂಡಿನ ಕಥೆ ಗೊತ್ತು. ಆ ಚಳವಳಿಯ ಕಾಲದಲ್ಲಿ ವಕೀಲರು ತೆತ್ತದ್ದೇನು ಎಂಬುದು ನಮ್ಮ ಜೂನಿಯರುಗಳಿಗೂ ಗೊತ್ತಿಲ್ಲ.

ಎಚ್.ಸಿ. ದಾಸಪ್ಪನವರನ್ನೇ ನೋಡಿ. ಮೈಸೂರಿನಲ್ಲಿ ಹೆಸರಾಂತ ವಕೀಲರು. ಕಾಂಗ್ರೆಸ್ ಹೋರಾಟಕ್ಕೆ ಇಳಿದ ಅವರ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಮೈಸೂರು ಹೈಕೋರ್ಟ್ ಕಿತ್ತುಕೊಂಡಿತು. 1940ರಲ್ಲಿ ಗಾಂಧೀಜಿಯೇ 'ಹರಿಜನ'ದಲ್ಲಿ ಮೈಸೂರಿನ ವಕೀಲರ ಪರವಾಗಿ ಬರೆಯಬೇಕಾಯಿತು. ಸನ್ನದು ಹೋಯಿತೆಂದರೆ ವಕಾಲತ್ತು ಹಾಕುವಂತಿಲ್ಲ, ಮನೆಗೆ ಬಂದ ಕಕ್ಷಿದಾರನನ್ನು ಇನ್ನೊಬ್ಬರ ಮನೆಗೆ ಕಳಿಸಬೇಕು. 1947ರ ಅಕ್ಟೋಬರಿನಲ್ಲಿ ಆಗಿನ ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದಾಗ ದಾಸಪ್ಪನವರೂ ಮಂತ್ರಿಯಾದರು. ಅದೇ ಸಂಪುಟದಲ್ಲಿದ್ದ ಕೆ.ಟಿ. ಭಾಷ್ಯಂ ಕೂಡ ವಕೀಲರೇ. ಅವರೇನು ಸನ್ಯಾಸಿಗಳಲ್ಲ, ಕುರ್ಚಿ ಅವರಿಗೂ ಬೇಕಿತ್ತು. ಆದರೆ ರಾಜಕೀಯಕ್ಕೆ ಮೊದಲು ತೆತ್ತರು, ಪಡೆದದ್ದು ಆಮೇಲೆ.

ಈಗ ಪಡೆಯುವುದೇ ಮೊದಲು. ಹೋಗಲಿ, ಪಕ್ಷದವನಾದರೇನು, ಕೆಲಸ ಬಂದರೆ ಸಾಕು ಎನ್ನಬಹುದು. ಗೋಮಾಳದ ದಾವೆಯೊಂದರಲ್ಲಿ ನಾನು ಕಂಡದ್ದು: ಸರ್ಕಾರದ ಪರ ಹೊಸಬರು ಎದ್ದು ನಿಂತರು, ಹಳಬರಿಂದ ಫೈಲೇ ಬಂದಿಲ್ಲ ಎಂದು ಮುದ್ದತ್ತು ಕೇಳಿದರು. ಮುಂದಿನ ತಾರೀಖಿಗೂ ಅದೇ ರಾಗ. ಸರ್ವೆ ನಕ್ಷೆ ಹಿಡಿದು ಬಂದಿದ್ದ ಭೂಮಾಪಕ ಸಾಕ್ಷಿ ಹೇಳದೆ ವಾಪಸು ಹೋದ. ಗೋಮಾಳಕ್ಕೆ ಬೇಲಿ ಹಾಕಿದವನು ಮಾತ್ರ ನಿಶ್ಚಿಂತೆಯಿಂದ ಟೀ ಕುಡಿಯುತ್ತಿದ್ದ. ದನ ಮೇಯಿಸುವ ಜಾಗ ಊರಿನದು, ನಷ್ಟವೂ ಊರಿನದೇ.

ಮ್ಯಾಜಿಸ್ಟ್ರೇಟ್ ಕೋರ್ಟಿನ ಸಹಾಯಕ ಸರ್ಕಾರಿ ಅಭಿಯೋಜಕ (ಎಪಿಪಿ) ಆಗಲು ಪರೀಕ್ಷೆ ಬರೆಯಬೇಕು. ಕೋಟಿಗಟ್ಟಲೆ ಬೆಲೆಯ ಸರ್ಕಾರಿ ಜಮೀನು ಉಳಿಸಬೇಕಾದ ಜಿಪಿಗೆ ಶಾಸಕರ ಪತ್ರ ಸಾಕೇ? ಜಿಲ್ಲಾ ನ್ಯಾಯಾಧೀಶರ ಅಭಿಪ್ರಾಯವನ್ನು ಕಡ್ಡಾಯ ಮಾಡಿ. ಅಭ್ಯರ್ಥಿ ನಡೆಸಿದ ದಾವೆಗಳ ಪಟ್ಟಿಯನ್ನು ಕೋರ್ಟಿನ ನೋಟಿಸ್ ಬೋರ್ಡಿಗೆ ಹಾಕಿ. ಯಾರು ಎಷ್ಟು ಬಲ್ಲರು ಎಂದು ಬಾರಿನವರಾದ ನಾವೇ ಹೇಳುತ್ತೇವೆ.