ಬರ ಬರೆದರೆ ಕಥೆಯಾಗುವುದಿಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಗ್ಗೆ ಬರುವ ಕಥೆಗಳನ್ನು ಓದಿದರೆ ನಮಗೆ ಸಿಟ್ಟು ಬರುತ್ತದೆ. ಬತ್ತಿದ ಕೊಳವೆಬಾವಿ, ಸಾಲ, ಬೆಂಗಳೂರಿನ ಬಸ್ಸು, ಕೊನೆಗೊಂದು ಸಾವು. ಊರಿನ ಹೆಸರು ಬದಲಿಸಿದರೆ ಇನ್ನೊಂದು ಕಥೆ ಸಿದ್ಧ! ಕೇಳಿದರೆ, "ಕಥೆ ತಾನಾಗಿ ಹುಟ್ಟಬೇಕು, ಲೆಕ್ಕ ಹಾಕಿ ಬರೆಯೋದು ವರದಿಗಾರರ ಕೆಲಸ" ಎನ್ನುತ್ತಾರೆ. ಹಾಗಾದರೆ ತಾನಾಗಿ ಹುಟ್ಟಿದ್ದೆಲ್ಲ ಒಂದೇ ಅಚ್ಚಿನಲ್ಲಿ ಏಕಿದೆ? ಸಿದ್ಧತೆ ಇಲ್ಲದವರ ಕೈಗೆ ಮೊದಲು ಸಿಗುವುದು ಹಳೆಯ ಅಚ್ಚೇ.

ಪಾವಗಡದ ಸೋಲಾರ್ ಪಾರ್ಕ್ ನೋಡಿ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆ. 28 ವರ್ಷದ ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಹತ್ತು ಎಕರೆ ಕೊಟ್ಟವನಿಗೆ ಮಳೆ ಬರಲಿ ಬಿಡಲಿ 2,10,000 ರೂಪಾಯಿ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ, ಜಮೀನಿಲ್ಲದವಳಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ. ಇವರಿಬ್ಬರೂ ಒಂದೇ ಬೀದಿಯವರಾದರೆ? ಕಥೆ ಅಲ್ಲಿದೆ. ಪಹಣಿ ಯಾರ ಹೆಸರಲ್ಲಿದೆ, ಹಣ ಯಾರ ಖಾತೆಗೆ ಬೀಳುತ್ತದೆ, ಕುರಿಗಳನ್ನು ಈಗ ಎಲ್ಲಿ ಮೇಯಿಸುತ್ತಾರೆ ಎಂದು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಜೋಡಿಸಿ. ಉತ್ತರ ಹುಡುಕುತ್ತ ಹೋದಂತೆ, ನೀವು ಮೊದಲೇ ಗೊತ್ತು ಮಾಡಿಟ್ಟ ಸಾವು ಬೇಡವಾಗಬಹುದು.

ಭೈರಪ್ಪನವರು 'ಪರ್ವ' ಬರೆಯಲು ಹಿಮಾಲಯದ ಊರುಗಳನ್ನು ಸುತ್ತಿದರು. ನಮ್ಮ ಕಥೆಗಾರರು ತಿರುಮಣಿಯ ಬಸ್ಸು ಹತ್ತಲಾರರೇ?

ನಮ್ಮ ತಾಲ್ಲೂಕುಗಳ ಜನ ಕಥೆಯ ಕೊನೆಯಲ್ಲಿ ಸಾಯಲೆಂದೇ ಹುಟ್ಟಿದವರಲ್ಲ. ಅವರು ಜಗಳವಾಡುತ್ತಾರೆ, ಲೆಕ್ಕ ಕೇಳುತ್ತಾರೆ, ಮೋಸವನ್ನೂ ಮಾಡುತ್ತಾರೆ. ಅಷ್ಟನ್ನಾದರೂ ತಿಳಿದುಕೊಂಡು ಪೆನ್ನು ಹಿಡಿಯಿರಿ.