ಲಾಲ್‌ಬಾಗಿನ ಬಂಡೆಯ ವಯಸ್ಸು

ಜಯನಗರದ ಕಡೆಯಿಂದ ಲಾಲ್‌ಬಾಗಿಗೆ ಬರುವವರು ಬಂಡೆಯನ್ನೇರಿ, ಕೆಂಪೇಗೌಡರ ಗೋಪುರದ ಬಳಿ ನಿಂತು ಊರನ್ನು ನೋಡುವರು. ಕಾಲ ಕೆಳಗಿನ ಕಲ್ಲನ್ನು ನೋಡುವವರು ವಿರಳ. ಗೋಪುರಕ್ಕೆ ಕೆಲವು ಶತಮಾನಗಳ ವಯಸ್ಸು. ಅದನ್ನು ಹೊತ್ತ ಬಂಡೆಗೆ ಸುಮಾರು 300 ಕೋಟಿ ವರ್ಷ!

ಶಿಲೆಗಳಲ್ಲಿ ಮೂರು ಕುಲ. ಕರಗಿದ ಶಿಲಾದ್ರವ ಆರಿ ಗಟ್ಟಿಯಾದುದು ಅಗ್ನಿಶಿಲೆ. ಮರಳು, ಕೆಸರು ಪದರಪದರವಾಗಿ ನೆಲೆಗೊಂಡು ಗಟ್ಟಿಯಾದುದು ಜಲಜಶಿಲೆ. ಭೂಗರ್ಭದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟುದು ರೂಪಾಂತರಶಿಲೆ. ಜಲಜಶಿಲೆ ಮಗುಚಿಹೋಗದಿದ್ದರೆ ಅದರ ಕೆಳಗಿನ ಪದರವೇ ಹಿರಿಯದು. ಲಾಲ್‌ಬಾಗಿನ ಬಂಡೆಗೆ ಈ ನಿಯಮ ಹೊಂದದು. ಅದು ನೈಸ್ ಎಂಬ ರೂಪಾಂತರಶಿಲೆ. ಅದರ ಬಿಳಿಯ ಪಟ್ಟೆಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್. ಕರಿಯವುಗಳಲ್ಲಿ ಕಪ್ಪು ಅಭ್ರಕ. ಇವು ಒಂದರ ಮೇಲೊಂದು ಕುಳಿತ ಕೆಸರಲ್ಲ, ಒತ್ತಡದಲ್ಲಿ ಸಾಲುಗೊಂಡ ಖನಿಜಗಳು.

ಹಾಗಾದರೆ ಹಿರಿದು ಕಿರಿದನ್ನು ತಿಳಿಯುವುದೆಂತು? ಸೀಳಿದುದು ಕಿರಿಯದು, ಸೀಳಿಸಿಕೊಂಡುದು ಹಿರಿಯದು. ಪಟ್ಟೆಗಳನ್ನು ಅಡ್ಡಹಾಯುವ ಎಳೆ ಅವುಗಳಿಗಿಂತ ಈಚಿನದು. ಬಂಡೆಯೊಳಗೆ ಸಿಕ್ಕಿಕೊಂಡ ಬೇರೆ ಶಿಲೆಯ ತುಣುಕು ಬಂಡೆಗಿಂತಲೂ ಪ್ರಾಚೀನ. ವರ್ಷಗಳ ಲೆಕ್ಕವನ್ನು ಜಿರ್ಕಾನ್ ಹರಳಿನೊಳಗೆ ಯುರೇನಿಯಂ ಸೀಸವಾಗುವ ಗತಿ ಒದಗಿಸುತ್ತದೆ.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. 1975ರಲ್ಲಿ ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಯಿತು.

ಇದರ ಒಡಹುಟ್ಟಿದ ಬಂಡೆಗಳೆಷ್ಟೋ ಬೆಂಗಳೂರಿನ ಮನೆಗಳಿಗೆ ತಳಪಾಯವಾಗಿ, ರಸ್ತೆಗಳಿಗೆ ಜಲ್ಲಿಯಾಗಿ ಒಡೆದುಹೋಗಿವೆ. ಗ್ರಂಥವೊಂದು ಕಳೆದರೆ ಇನ್ನೊಂದು ಪ್ರತಿ ಎಲ್ಲಿಯಾದರೂ ದೊರಕೀತು. ಈ ಕಲ್ಲಿನ ಓಲೆಗೆ ಪ್ರತಿಯಿಲ್ಲ. ಅದರ ಮೇಲೆ ತಮ್ಮ ಹೆಸರನ್ನು ಗೀಚಹೊರಟವರು ಈ ಮಾತನ್ನು ನೆನೆದರೆ ಸಾಕು.